ಭೌತವಿಜ್ಞಾನ ಬೋಧನೆ: ಒಂದು ದಿನದ ಭೇಟಿ ಸಾಲದು

ಮಾನ್ಯ ಸಂಪಾದಕರೇ,

ಪ್ರೌಢಶಾಲೆಗಳ ಭೌತವಿಜ್ಞಾನ ಬೋಧನೆಯನ್ನು ಸುಧಾರಿಸಲು ವಿಶ್ವವಿದ್ಯಾಲಯಗಳು ಕೈಜೋಡಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಮಾತು ಸರಿಯೇ. ಆದರೆ ಪ್ರಾಧ್ಯಾಪಕರೊಬ್ಬರು ಶಾಲೆಗೆ ಬಂದು ಕಪ್ಪುರಂಧ್ರಗಳ ಕುರಿತು ಒಂದು ಗಂಟೆ ಉಪನ್ಯಾಸ ನೀಡಿ, ಮಕ್ಕಳು ವಿಶ್ವವಿದ್ಯಾಲಯದ ಪ್ರಯೋಗಾಲಯವನ್ನು ಒಂದು ಸುತ್ತು ನೋಡಿ, ಕೊನೆಗೆ ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವುದನ್ನೇ ಸಹಭಾಗಿತ್ವವೆಂದು ಕರೆಯುವುದಾದರೆ, ತರಗತಿಯೊಳಗೆ ಏನೂ ಬದಲಾಗದು.

ಭೌತವಿಜ್ಞಾನದ ತೊಡಕು ಇರುವುದು ಕಪ್ಪುರಂಧ್ರದಲ್ಲಲ್ಲ, ಮೇಲಕ್ಕೆಸೆದ ಕಲ್ಲಿನಲ್ಲಿ. ಕೈಬಿಟ್ಟ ಮೇಲೆ ಏರುತ್ತಿರುವ ಕಲ್ಲಿನ ಮೇಲೆ ಯಾವ ಬಲಗಳಿವೆ ಎಂದು ಕೇಳಿದರೆ, ನ್ಯೂಟನ್ನನ ನಿಯಮಗಳನ್ನು ತಪ್ಪಿಲ್ಲದೆ ಒಪ್ಪಿಸುವ ಮಕ್ಕಳಲ್ಲೂ ಹಲವರು 'ಎಸೆದ ಕೈಯ ಬಲ ಇನ್ನೂ ಅದರಲ್ಲಿದೆ' ಎನ್ನುತ್ತಾರೆ. ಗಾಳಿಯ ತಡೆಯನ್ನು ಬಿಟ್ಟರೆ ಅಲ್ಲಿರುವುದು ಗುರುತ್ವ ಬಲವೊಂದೇ. ಸೂತ್ರಕ್ಕೆ ಅಂಕಿ ತುಂಬಿಸುವ ಪರೀಕ್ಷೆಗಳು ಈ ತಪ್ಪನ್ನು ಹಿಡಿಯುವುದೇ ಇಲ್ಲ.

ಇದನ್ನು ಹಿಡಿಯುವ ಪ್ರಶ್ನಾವಳಿಯೊಂದು ವಿಶ್ವವಿದ್ಯಾಲಯ ಮತ್ತು ಶಾಲೆಗಳ ನಿಜವಾದ ಒಡನಾಟದಿಂದ ಹುಟ್ಟಿತು. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ'ಯ ಮೂವರು ಕರ್ತೃಗಳಲ್ಲಿ ಡೇವಿಡ್ ಹೆಸ್ಟೆನೀಸ್ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ. ಮಾಲ್ಕಮ್ ವೆಲ್ಸ್ ಮತ್ತು ಗ್ರೆಗ್ ಸ್ವಾಕ್‌ಹ್ಯಾಮರ್ ಇಬ್ಬರೂ ಪ್ರೌಢಶಾಲಾ ಶಿಕ್ಷಕರಾಗಿದ್ದರು. ವೆಲ್ಸ್ ಅವರು ಇದಕ್ಕೂ ಮೊದಲಿನ ಇಂಥದೇ ಪರೀಕ್ಷೆಯನ್ನು ತಮ್ಮ ತರಗತಿಗೆ ಕೊಟ್ಟು, ಫಲಿತಾಂಶ ಕಂಡು ಬೆಚ್ಚಿ, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಕೈಗೊಂಡು ಪಾಠದ ಕ್ರಮವನ್ನೇ ಹೊಸದಾಗಿ ಕಟ್ಟಿದವರು. ಈ ಬಗೆಯ ಪರೀಕ್ಷೆಗಳನ್ನು ಬಳಸಿ 1998ರಲ್ಲಿ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಹೇಕ್ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಫಲಿತಾಂಶಗಳನ್ನು ಹೋಲಿಸಿದಾಗ, ಮಕ್ಕಳು ಚರ್ಚಿಸುತ್ತ, ಪ್ರಯೋಗ ಮಾಡುತ್ತ ಕಲಿತ ತರಗತಿಗಳ ಪ್ರಗತಿ ಬರೀ ಉಪನ್ಯಾಸ ಕೇಳಿದ ತರಗತಿಗಳ ಪ್ರಗತಿಯ ಸುಮಾರು ಇಮ್ಮಡಿಯಿತ್ತು. (ಆ ಕೋರ್ಸುಗಳಲ್ಲಿ ಹೆಚ್ಚಿನವು ಕಾಲೇಜು, ವಿಶ್ವವಿದ್ಯಾಲಯಗಳವು. ಶಾಲೆಗೆ ಕಲಿಸಲು ಬರುವ ಪ್ರಾಧ್ಯಾಪಕರು ತಮ್ಮ ಪ್ರಥಮ ವರ್ಷದ ತರಗತಿಗೂ ಈ ಪ್ರಶ್ನಾವಳಿಯನ್ನು ಒಮ್ಮೆ ಕೊಟ್ಟು ನೋಡಿದರೆ ನಷ್ಟವೇನಿಲ್ಲ.)

ಇಂಥ ಒಡನಾಟಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಿರುವುದು ಸಮಯ. ಒಂದೇ ಶಾಲೆ, ಒಂದೇ ವಿಭಾಗ ಕನಿಷ್ಠ ಮೂರು ನಾಲ್ಕು ವರ್ಷ ಜೊತೆಗಿರಬೇಕು. ಅದಕ್ಕಾಗಿ ಶಿಕ್ಷಕರ ವಾರದ ಪೀರಿಯಡ್‌ಗಳನ್ನು ತುಸು ಇಳಿಸಬೇಕು. ಪ್ರಾಧ್ಯಾಪಕರು ಶಾಲೆಯಲ್ಲಿ ಕಳೆದ ಗಂಟೆಗಳನ್ನು ಬಡ್ತಿಯ ವೇಳೆ ಸಂಶೋಧನಾ ಪ್ರಬಂಧಗಳಂತೆಯೇ ಪರಿಗಣಿಸಬೇಕು. ಈ ಕೊನೆಯದು ಆಗದ ಹೊರತು, ಎಷ್ಟೇ ಒಪ್ಪಂದಗಳಿಗೆ ಸಹಿ ಬಿದ್ದರೂ ಎರಡನೆಯ ವರ್ಷ ಯಾರೂ ಬರುವುದಿಲ್ಲ.

ಮೊದಲ ಸಭೆ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಬೇಡ. ಪ್ರಾಧ್ಯಾಪಕರು ಒಂದು ವಾರ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತು, ಮಕ್ಕಳು ಆ ಕಲ್ಲಿನ ಬಗ್ಗೆ ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಾರೆಂದು ಕೇಳಿಸಿಕೊಳ್ಳಲಿ. ಯೋಜನೆಯನ್ನು ಆಮೇಲೆ ಶಿಕ್ಷಕರೊಂದಿಗೆ ಕುಳಿತು ಬರೆಯಬಹುದು.

ಇಂತಿ,
ಒಬ್ಬ ಭೌತವಿಜ್ಞಾನ ಶಿಕ್ಷಕ