ಉಳಿ ಹಿಡಿದ ಮಗಳಿಗೆ

ಪುಟ್ಟೀ,

ಹಳೆ ಕಟ್ಟಡಗಳ ಮರಗೆಲಸ ರಿಪೇರಿ ಕಲಿಯಲು ಸೇರಿ ಇಷ್ಟು ದಿನವಾದರೂ ಬರೀ ಉಳಿ ಮಸೆಯುವುದೇ ಕೆಲಸ ಅಂತ ಬರೆದಿದ್ದೀಯ. ಮೇಸ್ತ್ರಿ ಸುಮ್ನೆ ಸತಾಯಿಸುತ್ತಿಲ್ಲ ಕಣೆ. ಮೊಂಡು ಉಳಿ ಮರದ ಎಳೆಗಳನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಕಡೆ ಜೋಡಣೆ ಬಿಗಿಯಾಗಿ ಕೂರುವುದಿಲ್ಲ.

ತೊಲೆಯ ತುದಿ ಗೋಡೆಯೊಳಗೆ ಕೊಳೆತಿದೆ, ಇಡೀ ತೊಲೆ ಬದಲಿಸಬೇಕಾ ಅಂತ ಕೇಳಿದ್ದೆ ಅಲ್ವಾ? ಬೇಡ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡು. ಅದನ್ನು ನಿಲ್ಲಿಸದೆ ಏನು ಮಾಡಿದರೂ ದಂಡ. ಮರದ ತೇವ ಶೇ 20ರ ಒಳಗಿದ್ದರೆ ಕೊಳೆ ಹಬ್ಬುವುದಿಲ್ಲ. ಆಮೇಲೆ ತೊಲೆಗೆ ಕೆಳಗಿನಿಂದ ಆಸರೆ ಕೊಟ್ಟು, ಚೂಪು ಮೊನೆಯಿಂದ ಚುಚ್ಚುತ್ತಾ ಬಾ. ಮೊನೆ ಒಳಗಿಳಿಯದ ಕಡೆಯಿಂದ ಗಟ್ಟಿ ಮರ. ಅಲ್ಲಿ ಉದ್ದಕ್ಕೆ ಓರೆಯಾಗಿ ಕತ್ತರಿಸಿ ಹೊಸ ತುಂಡು ಕೂರಿಸು. ಅದೇ ಜಾತಿಯ ಮರವಿರಲಿ, ಎಳೆ ಅದೇ ದಿಕ್ಕಿಗಿರಲಿ. ಹಸಿ ಮರ ಮಾತ್ರ ಬೇಡವೇ ಬೇಡ. ಒಣಗುವಾಗ ಅದು ಉದ್ದಕ್ಕಿಂತ ಅಡ್ಡಕ್ಕೆ ಜಾಸ್ತಿ ಕುಗ್ಗುತ್ತದೆ, ಜೋಡಣೆ ಬಾಯಿ ಬಿಡುತ್ತದೆ.

ಎರಡು ಮರ ಸೇರುವ ಕಡೆ ಗೂಟದ ತೂತು ಸರಿಯಾಗಿ ಎದುರುಬದುರು ಇಲ್ಲ ಅಂತ ಗಾಬರಿಯಾದೆಯಂತೆ. ಅದು ಬೇಕೆಂದೇ ಹಾಗೆ ಮಾಡಿದ್ದು! ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ಕುಳಿಯೊಳಗೆ ತೂರಿಸುತ್ತಾರಲ್ಲ, ಆ ನಾಲಿಗೆಯ ತೂತನ್ನು ಒಂದೆರಡು ಮಿಲಿಮೀಟರ್ ಬುಡದ ಕಡೆಗೆ ಸರಿಸಿ ಕೊರೆಯುತ್ತಾರೆ. ಮರದ ಗೂಟ ಬಡಿದಾಗ ಅದು ನಾಲಿಗೆಯನ್ನು ಜಗ್ಗಿ ಎಳೆದುಕೊಳ್ಳುತ್ತದೆ. ಅಂಟೂ ಇಲ್ಲ, ಮೊಳೆಯೂ ಇಲ್ಲ. ಮುಂದೆ ರಿಪೇರಿ ಮಾಡುವವರು ಗೂಟ ಹೊಡೆದು ತೆಗೆದರೆ ಬಿಚ್ಚಿಕೊಳ್ಳುತ್ತದೆ. ನನಗೆ ಈ ಕಸುಬಿನಲ್ಲಿ ಅತ್ಯಂತ ಇಷ್ಟವಾದ ಉಪಾಯ ಇದೇ.

ಹಳೆ ಬಡಗಿಯ ಗೀಟು, ಮರ ಕೆತ್ತುವ ಬಾಚಿಯ ಏಟು, ಯಾವ ತುಂಡು ಯಾವುದಕ್ಕೆ ಅಂತ ಕೆತ್ತಿದ ಗುರುತು ಕಂಡರೆ ಉಜ್ಜಿ ನಯ ಮಾಡಬೇಡ. ಫೋಟೊ ತೆಗೆದಿಟ್ಟುಕೋ. ನೀನು ಹಾಕಿದ ತುಂಡಿನ ಕಾಣದ ಬದಿಯಲ್ಲಿ ಇಸವಿ ಕೆತ್ತು. ಹಳೆಯದು ಯಾವುದು, ಹೊಸದು ಯಾವುದು ಅಂತ ಮುಂದಿನವರಿಗೆ ಗೊತ್ತಾಗಲಿ.

ಮೆಷಿನ್ ಇರುವಾಗ ಇದೆಲ್ಲ ಯಾಕೆ ಎಂದಳಂತೆ ನಿನ್ನ ಗೆಳತಿ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಚಾವಣಿ 2019ರಲ್ಲಿ ಸುಟ್ಟುಹೋಯಿತಲ್ಲ, ಅದನ್ನು ಮತ್ತೆ ಕಟ್ಟುವಾಗ ಓಕ್ ದಿಮ್ಮಿಗಳನ್ನು ಕೈಗೊಡಲಿಯಲ್ಲೇ ಕೆತ್ತಿದರು. ಕೊಡಲಿ ಮರದ ಎಳೆ ಹೋದ ಕಡೆಗೆ ಹೋಗುತ್ತದೆ, ಗರಗಸ ಎಳೆಯನ್ನು ಕಡಿದುಕೊಂಡೇ ಹೋಗುತ್ತದೆ. ಅವಳಿಗೆ ಇಷ್ಟು ಹೇಳು. ಹುಡುಗಿಗೆ ಯಾಕೆ ಈ ಕೆಲಸ ಎನ್ನುವವರಿಗೆ ಮಾತ್ರ ಏನೂ ಹೇಳಬೇಡ, ಟೈಮ್ ವೇಸ್ಟ್.

ಉಳಿ ಬಡಿಯುವ ನನ್ನ ಮರದ ಕೊಡತಿ ಕಳಿಸುತ್ತಿದ್ದೇನೆ. ಹಿಡಿ ಸ್ವಲ್ಪ ಅಲ್ಲಾಡುತ್ತದೆ, ಬೆಣೆ ನೀನೇ ಮಾಡಿ ಹಾಕಿಕೋ.

ನಿನ್ನ ಅಮ್ಮ