ಜೊಕಾಸ್ತಳನ್ನು ಕುಣಿಯಲು ಹೊರಟವಳಿಗೆ

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಈಡಿಪಸ್ ನಾಟಕದ ಜೊಕಾಸ್ತಳನ್ನು, ತಿಳಿಯದೆ ಹೆತ್ತ ಮಗ ಈಡಿಪಸ್‌ನನ್ನೇ ಮದುವೆಯಾದ ಆ ರಾಣಿಯನ್ನು, ಏಕವ್ಯಕ್ತಿ ನೃತ್ಯವಾಗಿ ಕಟ್ಟುತ್ತೇನೆಂದು ಬರೆದಿದ್ದೀಯ. ಓದಿ ಹೆಮ್ಮೆಯಾಯಿತು, ಜೊತೆಗೆ ಚಿಂತೆಯೂ ಹತ್ತಿತು. ಮದುವೆ, ಮಗು, ದೈವವಾಣಿ, ಎರಡನೆಯ ಮದುವೆ, ಸಾವು ಎಂದು ಎಲ್ಲವನ್ನೂ ಸಾಲಾಗಿ ಹೇಳಲು ಹೊರಟಿದ್ದೀಯ. ಭರತನಾಟ್ಯದ ವರ್ಣ ಮಾಡಿ ಪಳಗಿದ ಮೈಗೆ ಸಂಚಾರಿಯಲ್ಲಿ, ಒಂದೇ ಸಾಲನ್ನು ಅಭಿನಯದಲ್ಲಿ ಬೆಳೆಸುತ್ತ, ಕಥೆ ಬಿಡಿಸುವುದು ಅಭ್ಯಾಸವಾಗಿರುತ್ತದೆ. ಈ ಸಲ ಅದನ್ನು ತಡೆದುಕೋ.

ಮೊದಲು ನಾಟಕವನ್ನು ಅವಳೊಬ್ಬಳಿಗಾಗಿ ಇನ್ನೊಮ್ಮೆ ಓದು. ಲಂಕೇಶರ ಕನ್ನಡ ಅನುವಾದವಿದೆಯಲ್ಲ, ಅದನ್ನೇ ಓದು. ನಾಟಕ ಬರೆದ ಗ್ರೀಕ್ ಕವಿ ಸಾಫೊಕ್ಲಿಸ್ ಅವಳ ಸಾವನ್ನು ರಂಗದ ಮೇಲೆ ತರುವುದಿಲ್ಲ. ಅರಮನೆಯಿಂದ ಹೊರಬಂದ ದೂತ ಸುದ್ದಿ ಹೇಳುತ್ತಾನೆ: ಬಾಗಿಲು ಹಾಕಿಕೊಂಡಳು, ಮಂಚದೆದುರು ಗೋಳಾಡಿದಳು, ಸತ್ತ ಗಂಡ ಲಾಯಸ್‌ನನ್ನು ಕೂಗಿ ಕರೆದಳು. ಆಮೇಲೆ ಹೇಗೆ ಪ್ರಾಣ ಬಿಟ್ಟಳೆಂಬುದು ಅವನಿಗೂ ಗೊತ್ತಿಲ್ಲ. ಈಡಿಪಸ್ ಅರಚುತ್ತ ನುಗ್ಗಿದ್ದರಿಂದ ಎಲ್ಲರ ಕಣ್ಣೂ ದೊರೆಯ ಮೇಲೆ ನೆಟ್ಟಿತ್ತು. ಒಳಗೆ ಒಬ್ಬ ಹೆಂಗಸು ಸಾಯುತ್ತಿದ್ದಾಳೆ, ನೋಡುವವರಿಲ್ಲ. ಆ ಮಾತುಗಳನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆಧುನಿಕ ನೃತ್ಯದ ಮಾರ್ಥಾ ಗ್ರಹಾಂ ಹೊಕ್ಕದ್ದು ಆ ಮುಚ್ಚಿದ ಬಾಗಿಲಿನೊಳಕ್ಕೇ. 1947ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ಮೊದಲು ಪ್ರದರ್ಶನಗೊಂಡ ಅವರ ‘ನೈಟ್ ಜರ್ನಿ’ ಶುರುವಾಗುವಾಗಲೇ ಜೊಕಾಸ್ತಳ ಕೈಯಲ್ಲಿ ಹಗ್ಗವಿರುತ್ತದೆ. ಸಾಯಲು ಹೊರಟವಳ ಆ ಒಂದು ಗಳಿಗೆಯಲ್ಲಿ ನೆನಪಾಗಿ ಬರುವುದಷ್ಟೇ ಉಳಿದ ನೃತ್ಯ. ಈಡಿಪಸ್ ಅಲ್ಲಿ ಅವಳ ನೆನಪಿನೊಳಗಿನ ಒಬ್ಬ ಗಂಡಸು ಮಾತ್ರ. ಶಿಲ್ಪಿ ಇಸಾಮು ನೊಗುಚಿ ಮಾಡಿಕೊಟ್ಟ ಮಂಚದ ಮೇಲೆ ನೆಮ್ಮದಿಯಾಗಿ ಮಲಗುವುದು ಸಾಧ್ಯವೇ ಇಲ್ಲ. ಓರೆಯಾಗಿ ನಿಂತ ಅದು ಎರಡು ದೇಹಗಳ ಮೂಳೆಗಳ ಹಾಗೆ ಕಾಣುತ್ತದೆ. ಆ ಹಗ್ಗವನ್ನಂತೂ ಗಮನವಿಟ್ಟು ನೋಡು. ಅದೇ ಹೊಕ್ಕುಳಬಳ್ಳಿ, ಅದೇ ದಾಂಪತ್ಯದ ಕಟ್ಟು, ಕೊನೆಗೆ ಅದೇ ಉರುಳು. ಭವಿಷ್ಯ ಹೇಳುವ ಕುರುಡ ಟೈರೀಸಿಯಸ್ ತನ್ನ ಕೋಲು ತಾಗಿಸಿದಾಗ ಹಗ್ಗದಲ್ಲಿ ಸಿಕ್ಕಿಕೊಂಡ ಇಬ್ಬರೂ ಕುಸಿಯುತ್ತಾರೆ. ಒಂದೇ ವಸ್ತುವಿನಿಂದ ಇಷ್ಟನ್ನು ಹೇಳಿಸಿದವರಿಗೆ ಕಥೆ ವಿವರಿಸುವ ಅಗತ್ಯ ಎಲ್ಲಿಯದು?

1961ರಲ್ಲಿ ಇದನ್ನು ಚಿತ್ರೀಕರಿಸಿದಾಗ ಗ್ರಹಾಂ ಅರವತ್ತೈದು ದಾಟಿದ್ದರು. ಅದನ್ನು ತಪ್ಪದೆ ನೋಡು. ಕಾಲು ಎಷ್ಟು ಎತ್ತರಕ್ಕೆ ಹೋಯಿತೆಂದು ಅಳೆಯಬೇಡ. ಹೊಟ್ಟೆ ಒಳಕ್ಕೆ ಸೆಳೆದುಕೊಂಡ ಕ್ಷಣದಲ್ಲಿ ಬೆನ್ನು ಏನಾಗುತ್ತದೆಂದು ನೋಡು. ಅವರ ನೃತ್ಯಪದ್ಧತಿಯ ಬೇರು ಆ ಸಂಕೋಚನ ಮತ್ತು ಸಡಿಲಿಕೆಯಲ್ಲಿದೆ. ಮುಖಾಭಿನಯವನ್ನೇ ನೆಚ್ಚಿಕೊಂಡ ನಿನಗೆ ಇದು ಕಷ್ಟವಾಗುತ್ತದೆ. ಆಗಲಿ.

ನೋಡಿದ ಮೇಲೆ ಹಗ್ಗವನ್ನು ಮಾತ್ರ ಎತ್ತಿಕೊಳ್ಳಬೇಡ. ಅದು ಅವರದಾಗಿಹೋಯಿತು. ನಿನಗಾಗಿ ನಾಟಕದಲ್ಲಿ ಇನ್ನೊಂದು ಜಾಗ ಉಳಿದಿದೆ. ಈಡಿಪಸ್ ಬೆಳೆದ ಊರು ಕೊರಿಂಥ್‌ನಿಂದ ಬಂದ ದೂತ ಮತ್ತು ಈಡಿಪಸ್ ಮಾತನಾಡುತ್ತಿರುತ್ತಾರೆ: ಮಗುವಾಗಿದ್ದ ಈಡಿಪಸ್ ಸಿಕ್ಕಿದ್ದು ಎಲ್ಲಿ, ಆ ಮಗುವಿನ ಪಾದಗಳನ್ನು ಚುಚ್ಚಿ ಕಟ್ಟಿದ್ದು ಹೇಗೆ, ಕೊಟ್ಟವನು ಯಾರ ಆಳು. ಅಷ್ಟು ಹೊತ್ತೂ ಜೊಕಾಸ್ತ ಅಲ್ಲಿಯೇ ನಿಂತಿರುತ್ತಾಳೆ, ತುಟಿ ಬಿಚ್ಚುವುದಿಲ್ಲ. ಈಡಿಪಸ್‌ಗೆ ಇನ್ನೂ ಹೊಳೆದಿಲ್ಲ, ಅವಳಿಗೆ ಎಲ್ಲವೂ ತಿಳಿದುಹೋಗಿದೆ. ಆಮೇಲೆಯೇ ಅವಳು ಬಾಯಿಬಿಟ್ಟು, ಇನ್ನು ವಿಚಾರಿಸಬೇಡವೆಂದು ಅಂಗಲಾಚುವುದು. ನಟಿಗೆ ಅಲ್ಲಿ ಮಾತೇ ಇಲ್ಲ, ನರ್ತಕಿಗೆ ಪೂರ್ತಿ ಮೈ ಇದೆ. ಆ ಮೌನವನ್ನು ಹತ್ತು ನಿಮಿಷಕ್ಕೆ ಹಿಗ್ಗಿಸಲು ನಿನ್ನಿಂದ ಆಗುತ್ತದೆ ಎಂಬ ನಂಬಿಕೆ ನನಗಿದೆ.

ಇನ್ನೊಂದು ಮಾತು. ಅವಳನ್ನು ಬರೀ ಅಯ್ಯೋ ಪಾಪ ಎನಿಸುವ ಹೆಣ್ಣಾಗಿ ಮಾಡಬೇಡ. ಹೆತ್ತ ಕೂಸನ್ನು ಬೆಟ್ಟದಲ್ಲಿ ಬಿಟ್ಟುಬರಲು ಆಳಿನ ಕೈಗೆ ಕೊಟ್ಟವಳು ಅವಳೇ ಎಂದು ಆ ಆಳೇ ಆಗಿದ್ದ ಕುರುಬ ಮುದುಕ ನಾಟಕದಲ್ಲಿ ಒಪ್ಪಿಕೊಳ್ಳುತ್ತಾನೆ. ಆ ಕೈಯ ನೆನಪೂ ನಿನ್ನ ಕೈಯಲ್ಲಿರಬೇಕು.

ಸಂಗೀತಕ್ಕೆ ಈಗಲೇ ಹಣ ಕೊಡಬೇಡ. ಮೊದಲ ಐದು ನಿಮಿಷ ಕಟ್ಟಿದ ಮೇಲೆ ನನಗೆ ಬಂದು ತೋರಿಸು, ಬರೀ ಉಸಿರಿನ ಸದ್ದಿನಲ್ಲಾದರೂ ಸರಿ. ಮಂಡಿನೋವು ಹೇಗಿದೆ ಎಂದು ಬರೆಯಲು ಮರೆತಿದ್ದೀಯ, ತಿಳಿಸು.

ಇತಿ,
ನಿನ್ನ ದೊಡ್ಡಮ್ಮ