ಹಿಮದಡಿಯ ಉಸಿರು: ಅದು ಆಕ್ಸಿಜನ್ ಯಂತ್ರವಲ್ಲ

ಮಾನ್ಯ ಸಂಪಾದಕರೇ,

ಹಿಮಕುಸಿತದಲ್ಲಿ ಹೂತುಹೋದವರ ಉಸಿರು ಉಳಿಸುವ ಸಾಧನದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ ಸಂತೋಷಪಟ್ಟೆ. ಆದರೆ ಅದನ್ನು ‘ಆಕ್ಸಿಜನ್ ಯಂತ್ರ’ ಎಂದು ಕರೆದಿದ್ದೀರಿ. ಅದರಲ್ಲಿ ಸಿಲಿಂಡರೇ ಇಲ್ಲ. ಸಣ್ಣ ತಪ್ಪು ಎಂದು ಸುಮ್ಮನಿರಲು ನನಗಾಗಲಿಲ್ಲ. ಅರಿವಳಿಕೆ ವೈದ್ಯೆಯಾಗಿ 30 ವರ್ಷ ಬೇರೆಯವರ ಉಸಿರು ಕಾದವಳು ನಾನು.

ಕೆಲಸಕ್ಕೆ ಸೇರಿದ ಹೊಸತು. ಶಸ್ತ್ರಚಿಕಿತ್ಸೆಯ ನಡುವೆ ಮಾನಿಟರಿನಲ್ಲಿ ಇಂಗಾಲದ ಡೈಆಕ್ಸೈಡ್ ಗೆರೆ, ರೋಗಿ ಉಸಿರು ಒಳಗೆಳೆದಾಗಲೂ ಸೊನ್ನೆಗೆ ಇಳಿಯುತ್ತಿರಲಿಲ್ಲ. ಆಕ್ಸಿಜನ್ ಧಾರಾಳವಾಗಿ ಹರಿಯುತ್ತಿತ್ತು. ಬಗ್ಗಿ ನೋಡಿದರೆ, ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವ ಡಬ್ಬಿಯೊಳಗಿನ ಸೋಡಾ ಲೈಮ್‌ನ ಬಿಳಿ ಹರಳುಗಳು ನೇರಳೆಗೆ ತಿರುಗಿದ್ದವು. ಹೊರಬಿಟ್ಟ ಉಸಿರನ್ನು ಶುದ್ಧ ಮಾಡುವ ಶಕ್ತಿ ಅದರಲ್ಲಿ ಮುಗಿದಿತ್ತು. ರೋಗಿ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿದ್ದರು. ಡಬ್ಬಿ ಬದಲಿಸಿದೆವು, ಗೆರೆ ಇಳಿಯಿತು.

ಹಿಮದಡಿ ಆಗುವುದೂ ಬಹುಮಟ್ಟಿಗೆ ಇದೇ. ಹಿಮದ ಹರಳುಗಳ ಸಂದಿಯಲ್ಲಿ ಗಾಳಿ ಸಾಕಷ್ಟಿರುತ್ತದೆ. ಆದರೆ ಮುಖದ ಮುಂದಿನ ಅಂಗೈಯಗಲದ ಜಾಗದಲ್ಲಿ ಬಿಟ್ಟ ಉಸಿರೇ ತುಂಬಿಕೊಳ್ಳುತ್ತದೆ. ಅದರ ಬಿಸಿಗೆ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಬಾಯಿಮೂಗಿನ ಸುತ್ತ ಮಂಜುಗಡ್ಡೆಯ ಪದರ ಕಟ್ಟುತ್ತದೆ. ಆಮೇಲೆ ಹೊಸ ಗಾಳಿಗೆ ದಾರಿಯೇ ಇಲ್ಲ. ಈ ಸಾಧನದ ಕೆಲಸ ಇಷ್ಟೇ: ಬೇರೆ ಕಡೆಯಿಂದ ಹಿಮದೊಳಗಿನ ಗಾಳಿಯನ್ನೇ ತಂದುಕೊಟ್ಟು, ಬಿಟ್ಟ ಉಸಿರು ಅದರ ಜೊತೆ ಬೆರೆಯದಂತೆ ನೋಡಿಕೊಳ್ಳುವುದು.

ಇದನ್ನು ಮನುಷ್ಯರ ಮೇಲೇ ಪರೀಕ್ಷಿಸಿದ್ದಾರೆ. 2000ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಇಂಥದೇ ಹಳೆಯ ಸಾಧನದ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು ಹಿಮದಡಿ ಮಲಗಿದವರು ಸರಾಸರಿ 58 ನಿಮಿಷ ಇದ್ದರು. ಸಾಧನವಿಲ್ಲದೆ ಸರಾಸರಿ 10 ನಿಮಿಷ. ಆದರೆ ಹಿಮ ಉರುಳಿಸಿಕೊಂಡು ಹೋಗುವಾಗ ಕೊಳವೆ ಬಾಯಿಂದ ಜಾರಿದರೆ? ನಿಮ್ಮ ವರದಿಯ ಹೊಸ ಸಾಧನದಲ್ಲಿ ಆ ಕೊಳವೆ ಇಲ್ಲ, ಬೆನ್ನಚೀಲದ ಫ್ಯಾನ್ ಮುಖದ ಕಡೆಗೆ ಗಾಳಿ ತಳ್ಳುತ್ತದೆ. 2025ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇಟಲಿಯ ಪ್ರಯೋಗದಲ್ಲಿ 24 ಮಂದಿಯನ್ನು ಹೂತು, ಅರ್ಧ ಜನಕ್ಕೆ ನಿಜವಾದ ಸಾಧನ, ಉಳಿದವರಿಗೆ ಗಾಳಿ ತಳ್ಳದ ತೋರಿಕೆಯ ಸಾಧನ ಕೊಟ್ಟರು. ತೋರಿಕೆಯದು ಸಿಕ್ಕವರಲ್ಲಿ ಹೆಚ್ಚಿನವರ ಸರದಿ ಬೇಗ ಮುಗಿಯಿತು, ಅರ್ಧದಷ್ಟು ಜನರದು ಸುಮಾರು 6 ನಿಮಿಷದೊಳಗೇ. ನಿಜವಾದದ್ದು ಸಿಕ್ಕವರಲ್ಲಿ ಬಹುತೇಕರು ಗೊತ್ತುಪಡಿಸಿದ 35 ನಿಮಿಷ ಪೂರೈಸಿದರು. ತನ್ನ ಬೆನ್ನಿಗಿರುವುದು ಯಾವುದೆಂದು ತಿಳಿಯದೆ ಹಿಮದಡಿ ಮಲಗಲು ಒಪ್ಪಿದ ಆ ಜನರಿಗೆ ನಾನು ಕೈಮುಗಿಯುತ್ತೇನೆ.

ನಿಮ್ಮ ವರದಿ ಬಿಟ್ಟ ಮುಖ್ಯ ಮಾತೊಂದಿದೆ. 35 ನಿಮಿಷಕ್ಕೆ ಪ್ರಯೋಗವನ್ನೇ ನಿಲ್ಲಿಸಿದ್ದರು. ಆಮೇಲೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅಲ್ಲಿ ಮಲಗಿದವರೆಲ್ಲ ಆರೋಗ್ಯವಂತರು, ಅವರ ರಕ್ತದ ಆಕ್ಸಿಜನ್ ಅಳೆಯುತ್ತ, ತಕ್ಷಣ ತೆಗೆಯಲು ಜನ ನಿಂತಿದ್ದರು. ನಿಜವಾದ ಹಿಮಕುಸಿತ ಬಂಡೆಗೆ, ಮರಕ್ಕೆ ಅಪ್ಪಳಿಸುತ್ತದೆ. ಆ ಪೆಟ್ಟಿಗೆ ಫ್ಯಾನ್ ಮದ್ದಲ್ಲ. ಹೂತವರನ್ನು ಹುಡುಕಿ ಅಗೆಯಬೇಕಾದವರು ಜೊತೆಗಾರರೇ. ಅದಕ್ಕೆ ಸಂಕೇತ ಕಳಿಸುವ ಟ್ರಾನ್ಸೀವರ್, ಚುಚ್ಚಿ ನೋಡುವ ಉದ್ದನೆಯ ಕೋಲು, ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಬೇಕು. ‘ಆಕ್ಸಿಜನ್ ಯಂತ್ರ ಇದೆಯಲ್ಲ’ ಎಂದು ಯಾರಾದರೂ ಸಲಿಕೆ ಬಿಟ್ಟು ಹೊರಟಾರು ಎಂಬುದೇ ನನ್ನ ಭಯ. ತಿದ್ದುಪಡಿ ಹಾಕುವಾಗ ಆ 35 ನಿಮಿಷದ ಮಿತಿಯನ್ನೂ ದಯವಿಟ್ಟು ಸೇರಿಸಿ.

— ನಿವೃತ್ತ ಅರಿವಳಿಕೆ ತಜ್ಞೆ